ನಿಂಬೂ ಫೂಲ್, ವಿನೆಗರ್, ಪರ್‌ಕಾರ್ಬೊನೇಟ್: ಬೋರಿನ ನೀರು ಕುಡಿಯುವ ವಾಷಿಂಗ್ ಮಷೀನಿಗೆ ಯಾವುದು?

ನೆಲಕ್ಕೆ ಹಾಸುವ ಶಹಾಬಾದಿ ಫರಸಿಯ ಒಂದು ಚೂರಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟರೆ ಸಣ್ಣಗೆ ಗುಳ್ಳೆ ಏಳುತ್ತವೆ. ಅದು ಸುಣ್ಣದ ಕಲ್ಲು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಚಿತ್ತಾಪುರದ ನೆಲದಡಿ ಇರುವುದೂ ಅದೇ, ಸಿಮೆಂಟ್ ಕಾರ್ಖಾನೆಗಳು ಆ ಕಡೆ ಬಂದದ್ದೂ ಅದಕ್ಕೇ. ಆ ಕಲ್ಲಿನೊಳಗಿಂದ ಬರುವ ಬೋರಿನ ನೀರು ಸುಣ್ಣವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಮಷೀನಿನಲ್ಲಿ ಕಾಯಿಸಿದಾಗ ಆ ಸುಣ್ಣ ಹೀಟರ್ ಕಡ್ಡಿಯ ಮೇಲೆ ಮತ್ತೆ ಕಲ್ಲಾಗಿ ಕೂರುತ್ತದೆ.

ಮಷೀನ್ ತೊಳೆಯುವ ಪುಡಿ ಕೊಳ್ಳುವ ಮೊದಲು ಒಳಗಿರುವ ಕೊಳೆ ಯಾವುದೆಂದು ತಿಳಿದಿರಬೇಕು. ಬಿಳಿ, ಗಟ್ಟಿ, ಉಗುರಿಗೆ ಗರಗರ ಎನ್ನುವುದು ಸುಣ್ಣ. ಅದಕ್ಕೆ ಹುಳಿಯೇ ಬೇಕು. ಕಪ್ಪು ಅಥವಾ ಬೂದು ಬಣ್ಣದ, ಜಿಗುಟಾದ, ವಾಸನೆ ಹೊಡೆಯುವ ಪೊರೆ ಸೋಪು, ಮೈಯ ಎಣ್ಣೆ ಮತ್ತು ಬೂಷ್ಟು ಸೇರಿ ಆದದ್ದು. ಅದಕ್ಕೆ ಕ್ಷಾರ ಮತ್ತು ಆಮ್ಲಜನಕ ಬೇಕು. ಎರಡನ್ನೂ ಒಂದೇ ಸಲಕ್ಕೆ ತೆಗೆಯುವ ಪುಡಿ ಇಲ್ಲ. ಹೀಟರ್ ಇರುವ ಫ್ರಂಟ್ ಲೋಡ್‌ಗೆ ಸುಣ್ಣದ ಕಾಟ ಹೆಚ್ಚು, ತಣ್ಣೀರಲ್ಲೇ ಓಡುವ ಸೆಮಿ ಆಟೊಮ್ಯಾಟಿಕ್‌ಗೆ ಜಿಗುಟಿನ ಕಾಟ. ಎರಡೂ ಬಗೆಯ ಮಷೀನಿನಲ್ಲಿ, ಬೋರಿನ ನೀರಿನಲ್ಲೇ ಬಳಸಿ ನೋಡಿ ಹೇಳುವ ಮಾತಿದು.

ಸುಣ್ಣಕ್ಕೆ ನಮ್ಮ ಆಯ್ಕೆ ಅನುಮಾನವಿಲ್ಲದೆ ನಿಂಬೂ ಫೂಲ್, ಅಂದರೆ ಸಿಟ್ರಿಕ್ ಆಮ್ಲ. ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. 7 ಕಿಲೋ ಫ್ರಂಟ್ ಲೋಡ್‌ಗೆ 100 ಗ್ರಾಂ ಸಾಕು, ವರ್ಷಗಟ್ಟಲೆ ಮುಟ್ಟದ ಮಷೀನಿಗೆ 150. ಸೋಪು ಹಾಕುವ ಡ್ರಾಯರ್‌ಗೆ ಹಾಕಬೇಡಿ, ಹರಳು ಅಲ್ಲೇ ಹೆಪ್ಪುಗಟ್ಟುತ್ತದೆ. ಖಾಲಿ ಡ್ರಮ್ಮಿಗೇ ಸುರಿದು, ಸೋಪು ಹಾಕದೆ, ಕಾಟನ್ 60 ಡಿಗ್ರಿಗೆ ಇಡಿ. ಬಾಗಿಲ ಗಾಜು ಬಿಸಿಯಾದ ಮೇಲೆ ಮಷೀನ್ ತಡೆಯುವ ಗುಂಡಿ (Pause) ಒತ್ತಿ ಅರ್ಧ ತಾಸು ಬಿಟ್ಟು ಮುಂದುವರಿಸಿ, ಕೊನೆಗೆ ಇನ್ನೊಮ್ಮೆ ಬರೀ ನೀರಲ್ಲಿ ಜಾಲಿಸಿ. ಬಿಸಿ ಹೆಚ್ಚಾದಷ್ಟು ಒಳ್ಳೆಯದೆಂದು 90ಕ್ಕೆ ಇಡುವವರಿದ್ದಾರೆ, ಅದು ತಪ್ಪು. ಸುಣ್ಣ ಮತ್ತು ಸಿಟ್ರಿಕ್ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ, ಬಿಳಿ ಪುಡಿಯಾಗಿ ಮತ್ತೆ ಅಲ್ಲೇ ಕೂರುತ್ತದೆ. ಪ್ರಮಾಣವನ್ನೂ ಮೀರಬೇಡಿ: ಡ್ರಮ್ಮಿನ ಬೆನ್ನಿಗಿರುವ ಮೂರು ಕಾಲಿನ ಚೌಕಟ್ಟು ಸಾಮಾನ್ಯವಾಗಿ ಅಲ್ಯೂಮಿನಿಯಂನದು, ಹುಳಿ ಅದನ್ನೂ ತಿನ್ನುತ್ತದೆ. ಬೋರಿನ ನೀರಾದರೆ ಮೂರು ತಿಂಗಳಿಗೊಮ್ಮೆ, ಭೀಮಾ ನದಿಯ ನಳದ ನೀರೇ ಹೆಚ್ಚು ಬಳಸುವ ಮನೆಯಾದರೆ ಆರು ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಇನ್ನೊಂದು ಮಾತು. ಡ್ರೇನ್ ಪೈಪನ್ನು ಬಚ್ಚಲ ಫರಸಿಯ ಮೇಲೆ ಬಿಟ್ಟಿದ್ದರೆ ಆ ದಿನ ಬಕೆಟ್ಟಿಗೆ ಅಥವಾ ನೇರ ಚರಂಡಿಗೆ ಬಿಡಿ. ಮಷೀನಿನ ಸುಣ್ಣ ತಿನ್ನುವ ಹುಳಿ ನೆಲದ ಕಲ್ಲನ್ನೂ ತಿನ್ನುತ್ತದೆ, ನುಣುಪು ಹೋಗಿ ಮಂಕಾದ ಕಲೆ ಉಳಿಯುತ್ತದೆ. ಪಾಲಿಶ್ ಮಾಡಿಸದೆ ಅದು ಹೋಗದು.

ವಿನೆಗರ್ ಕೆಲಸ ಮಾಡುವುದಿಲ್ಲವೆಂದಲ್ಲ, ಲೆಕ್ಕ ಕೂಡುವುದಿಲ್ಲ. 100 ಗ್ರಾಂ ನಿಂಬೂ ಫೂಲ್ ಸುಮಾರು 70 ಗ್ರಾಂ ಸುಣ್ಣ ಕರಗಿಸಬಲ್ಲದು. 4 ಪ್ರತಿಶತ ಬಲದ ಒಂದು ಲೀಟರ್ ವಿನೆಗರ್ ಕರಗಿಸುವುದು 33 ಗ್ರಾಂ ಮಾತ್ರ. ಅಷ್ಟೇ ಕೆಲಸಕ್ಕೆ ಎರಡು ಲೀಟರಿಗೂ ಮೇಲೆ ಸುರಿಯಬೇಕು. ಜನ ಹಾಕುವ ಒಂದು ಕಪ್ ವಿನೆಗರ್ ಮಷೀನಿನ ನೀರಲ್ಲಿ ತೆಳುವಾಗಿ ಹರಿದುಹೋಗುತ್ತದೆ. ಬಿಸಿಯಲ್ಲಿ ಘಾಟು ಮನೆಯೆಲ್ಲ ತುಂಬುತ್ತದೆ, ಪದೇ ಪದೇ ಹಾಕಿದರೆ ರಬ್ಬರಿಗೂ ಒಳ್ಳೆಯದಲ್ಲ. ಡ್ರಾಯರ್ ಬಿಚ್ಚಿ ನೆನೆಸುವುದಕ್ಕೆ, ಅದರಲ್ಲಿ ಅದ್ದಿದ ಬಟ್ಟೆಯನ್ನು ನಳದ ಬಾಯಿಗೆ ಸುತ್ತಿ ಕಟ್ಟುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಅದಕ್ಕೆ ಅಡುಗೆ ಸೋಡಾ ಬೆರೆಸುವ ಸಲಹೆಯನ್ನಂತೂ ಬಿಡಿ: ನೊರೆ ಕಣ್ಣಿಗೆ ಚೆಂದ, ಆದರೆ ಹುಳಿ ಮತ್ತು ಸೋಡಾ ಒಂದನ್ನೊಂದು ಕೊಂದು ಉಳಿಯುವುದು ಉಪ್ಪುನೀರು.

ಅಂಗಡಿಯ ಸಿದ್ಧ ಡಿಸ್ಕೇಲ್ (ಸುಣ್ಣ ತೆಗೆಯುವ) ಪಾಕೀಟುಗಳಲ್ಲಿ ಸಿಟ್ರಿಕ್ ಅಥವಾ ಅಂಥದೇ ಇನ್ನೊಂದು ಆಮ್ಲ ಇದ್ದರೆ ಫಲ ಒಂದೇ, ಹಣ ಮಾತ್ರ ಹೆಚ್ಚು. ವಾರಂಟಿ ಇರುವ ಮಷೀನಿಗೆ ಕಂಪನಿ ಹೇಳಿದ್ದನ್ನೇ ಹಾಕುವುದು ಜಾಣತನ. ಪಾಕೀಟಿನ ಹಿಂದೆ ಬರೆದದ್ದನ್ನು ಓದಿ: ಕೆಲವು ಹುಳಿಯ ಪುಡಿ, ಕೆಲವು ಸೋಡಾದ ಪುಡಿ. ಹೊರಗೆ ಎರಡರ ಮೇಲೂ ಹೊಳೆಯುವ ಡ್ರಮ್ಮಿನ ಚಿತ್ರವೇ ಇರುತ್ತದೆ.

ಜಿಗುಟಿಗೆ ಸೋಡಿಯಂ ಪರ್‌ಕಾರ್ಬೊನೇಟ್ ಬಿಟ್ಟರೆ ಬೇರೆ ಇಲ್ಲ. ಬಿಸಿ ನೀರಲ್ಲಿ ಅದು ಹೈಡ್ರೊಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಮೊದಲನೆಯದು ಪೊರೆಯನ್ನು ಒಡೆದರೆ, ಎರಡನೆಯದು ಜಿಡ್ಡನ್ನು ಎತ್ತುತ್ತದೆ. ತಣ್ಣೀರಲ್ಲಿ ಕೆಲಸ ತೀರ ನಿಧಾನ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಹೀಟರ್ ಇಲ್ಲವಲ್ಲ ಎಂದರೆ, ಮೇ ತಿಂಗಳ ಮಧ್ಯಾಹ್ನ ನಮ್ಮ ಕಡೆಯ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ. ಈ ಕೆಲಸವನ್ನು ಬೇಸಿಗೆಗೇ ಇಟ್ಟುಕೊಳ್ಳಿ. ಉಳಿದ ಕಾಲದಲ್ಲಿ ಎರಡು ಬಕೆಟ್ ಕಾಯಿಸಿದ ನೀರು ಬೆರೆಸಿ, ಕುದಿವ ನೀರನ್ನು ಮಾತ್ರ ನೇರ ಸುರಿಯಬೇಡಿ, ಪ್ಲಾಸ್ಟಿಕ್ ಟಬ್ ಸೊಟ್ಟಗಾದೀತು. ತುಂಬಿದ ಟಬ್ಬಿಗೆ 200 ಗ್ರಾಂ ಹಾಕಿ 10 ನಿಮಿಷ ತಿರುಗಿಸಿ, ನಾಲ್ಕು ತಾಸು ಬಿಡಿ, ಮತ್ತೆ ತಿರುಗಿಸಿ. ಕಪ್ಪು ಚೂರುಗಳು ತೇಲಿ ಬರುತ್ತವೆ. ನೀರು ಬಿಡುವ ಮೊದಲೇ ಅವನ್ನು ಚಹಾ ಸೋಸುವ ಜರಡಿಯಲ್ಲಿ ಎತ್ತಿ, ಇಲ್ಲವಾದರೆ ಡ್ರೇನ್ ಕಟ್ಟಿಕೊಳ್ಳುತ್ತದೆ.

ಅಷ್ಟಾದರೂ ವಾಸನೆ ಹೋಗದಿದ್ದರೆ ಕೊಳೆ ಪಲ್ಸೇಟರ್, ಅಂದರೆ ಟಬ್ಬಿನ ತಳದಲ್ಲಿ ತಿರುಗುವ ತಟ್ಟೆಯ ಕೆಳಗಿದೆ. ಪ್ಲಗ್ ಕಿತ್ತು, ನಡುವಿನ ಸ್ಕ್ರೂ ಬಿಚ್ಚಿ, ಅಂಚಿನಡಿ ಎದುರುಬದುರು ಎರಡು ದಾರ ತೂರಿಸಿ ಸಮವಾಗಿ ಮೇಲೆತ್ತಿ. ಅಡಿಯಲ್ಲಿ ಗುಂಡಿ, ಪಿನ್ನು, ನೂಲಿನ ಉಂಡೆ, ಕೆಸರು ಇರುತ್ತವೆ. ಇಲ್ಲಿ ಪುಡಿಗಿಂತ ಹಳೆಯ ಹಲ್ಲಿನ ಬ್ರಷ್ಷೇ ಮೇಲು.

ಫ್ರಂಟ್ ಲೋಡ್‌ಗೆ ಎರಡೂ ಬೇಕಾದರೆ ಮೊದಲು ಪರ್‌ಕಾರ್ಬೊನೇಟ್ 100 ಗ್ರಾಂ 60 ಡಿಗ್ರಿಯಲ್ಲಿ, ವಾರ ಬಿಟ್ಟು ನಿಂಬೂ ಫೂಲ್. ಸುಣ್ಣದ ಮೇಲೆ ಜಿಡ್ಡು ಇದ್ದರೆ ಹುಳಿ ತಲುಪುವುದಿಲ್ಲ. ಎರಡನ್ನೂ ಕೂಡಿಸಿ ಹಾಕಬಾರದು.

ಬ್ಲೀಚ್ ಬಾಗಿಲ ರಬ್ಬರಿನ ಬೂಷ್ಟಿಗೆ ಮಾತ್ರ, ಅದೂ ನೀರು ಬೆರೆಸಿ, ಬಟ್ಟೆಯಿಂದ ಒರೆಸಿ, 15 ನಿಮಿಷದಲ್ಲಿ ತೊಳೆದುಬಿಡಿ. ಸುಣ್ಣವನ್ನು ಅದು ಮುಟ್ಟುವುದೇ ಇಲ್ಲ. ನೀರಲ್ಲಿ ಕಬ್ಬಿಣದ ಅಂಶ ಇದ್ದರೆ ಅರಿವೆಗೆ ಕಂದು ಕಲೆ ತರುತ್ತದೆ. ವಿನೆಗರ್ ಅಥವಾ ನಿಂಬೂ ಫೂಲ್ ಜೊತೆ ಬೆರೆತರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಕಿಟಕಿ ಇಲ್ಲದ ಬಚ್ಚಲಲ್ಲಿ ಇದು ಜೀವದ ಮಾತು.

ನಳಕ್ಕೆ ಹಚ್ಚುವ ಪಾಲಿಫಾಸ್ಫೇಟ್ ಗುಂಡಿನ ಫಿಲ್ಟರ್ ಬಗ್ಗೆ ಅನೇಕರು ಕೇಳುತ್ತಾರೆ. ಅದು ಸುಣ್ಣವನ್ನು ತೆಗೆಯುವುದಿಲ್ಲ, ಗಟ್ಟಿಯಾಗದಂತೆ ತಡೆಹಿಡಿಯುತ್ತದೆ. 40 ಡಿಗ್ರಿ ಒಗೆತಕ್ಕೆ ಉಪಯೋಗವಿದೆ, ಬಹಳ ಬಿಸಿಯಲ್ಲಿ ಅದರ ಬಲ ಕುಗ್ಗುತ್ತದೆ. ಗುಂಡುಗಳು ಕರಗಿ ಅರ್ಧವಾದ ಕೂಡಲೇ ತುಂಬಿಸದಿದ್ದರೆ ಖಾಲಿ ಡಬ್ಬಿ ಕಾಯ್ದಂತೆ.

ಇದೆಲ್ಲ ಮಾಡಿಯೂ ನೀರು ತುಂಬಲು ಹೊತ್ತು ಹಿಡಿದರೆ, ನಳ ಮುಚ್ಚಿ ಇನ್ಲೆಟ್ ಪೈಪ್ ಬಿಚ್ಚಿ. ಮಷೀನಿನ ಬಾಯಲ್ಲಿ ಬೆರಳಗಲದ ಜಾಳಿಗೆ ಇರುತ್ತದೆ. ಮಳೆಗಾಲದಲ್ಲಿ ನಳದ ನೀರಿನ ರಾಡಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಉಸುಕು ಅಲ್ಲೇ ನಿಲ್ಲುತ್ತವೆ. ಇಕ್ಕಳದಿಂದ ಮೆಲ್ಲಗೆ ಎಳೆದು, ನಿಂಬೂ ಫೂಲ್ ನೀರಲ್ಲಿ ಅರ್ಧ ತಾಸು ಅದ್ದಿ, ಬ್ರಷ್ ಆಡಿಸಿ, ಹಿಂದಿನಂತೆಯೇ ಕೂರಿಸಿ. ಜಾಳಿಗೆ ಇಲ್ಲದೆ ಒಂದು ದಿನವೂ ಓಡಿಸಬೇಡಿ, ಉಸುಕು ಒಳಗೆ ಹೊಕ್ಕರೆ ವಾಲ್ವ್ ಪೂರ್ತಿ ಮುಚ್ಚದೆ, ಮಷೀನ್ ಬಂದ್ ಇದ್ದಾಗಲೂ ನೀರು ಸೋರುತ್ತಲೇ ಇರುತ್ತದೆ.