ಅಕ್ಕಿ ರೊಟ್ಟಿ, ಮಟನ್ ಚಾಪ್ಸ್ ಮತ್ತು ದೊಡ್ಡಬಳ್ಳಾಪುರದ ಕೆಂಪು ವೈನ್

ಕಳೆದ ಶನಿವಾರ ರಾತ್ರಿ ಅಕ್ಕ ಮತ್ತು ಭಾವ ಊಟಕ್ಕೆ ಬಂದಿದ್ದಾಗ ಗ್ರೋವರ್ ಜಂಪಾ ಸಂಸ್ಥೆಯ ಆರ್ಟ್ ಕಲೆಕ್ಷನ್ ಸಾಲಿನ ಕ್ಯಾಬರ್ನೆ ಶಿರಾಜ್ ಎಂಬ ಕೆಂಪು ವೈನಿನ ಒಂದು ಬಾಟಲಿಯನ್ನು ತೆರೆದೆವು. 750 ಮಿಲಿಲೀಟರಿನ ಬಾಟಲಿಗೆ ಸಾವಿರ ರೂಪಾಯಿ ಕೊಟ್ಟರೆ ಚಿಲ್ಲರೆ ಮರಳಿ ಬಂದಿತು. ನಾವು ನಾಲ್ವರೂ ವೈನಿನ ವಿಷಯದಲ್ಲಿ ಕಲಿತವರಲ್ಲ. ಆದರೆ ಮನೆಯ ಊಟದ ಜೊತೆಗೆ ಇಂತಹ ವೈನ್ ಒಗ್ಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಪಾಂಡಿತ್ಯ ಬೇಕಿಲ್ಲ, ಗಮನವಿಟ್ಟು ತಿಂದು ಕುಡಿದರೆ ಸಾಕು ಎಂಬುದು ನನ್ನ ನಂಬಿಕೆ.

ಇದನ್ನೇ ಆರಿಸಿಕೊಳ್ಳಲು ಅದರ ಊರು ಮುಖ್ಯ ಕಾರಣ. ಕನ್ವಲ್ ಗ್ರೋವರ್ ಅವರು 1988ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ತೋಟ ಮತ್ತು ವೈನರಿ ನಂದಿಬೆಟ್ಟದ ಸೀಮೆಯಲ್ಲಿ, ದೊಡ್ಡಬಳ್ಳಾಪುರದ ಬಳಿಯ ರಘುನಾಥಪುರದಲ್ಲಿವೆ. ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನಮ್ಮ ಕೆಂಪು ಮಣ್ಣಿನಲ್ಲಿ ಬೆಳೆಸಿ ನೋಡುವ ಪ್ರಯತ್ನ ಅಲ್ಲಿ ನಡೆಯಿತು. ಮುಂದೆ ಫ್ರಾನ್ಸಿನ ಬೋರ್ಡೊ ಪ್ರದೇಶದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾನ್ ಅವರೂ ಅದಕ್ಕೆ ಸಲಹೆಗಾರರಾದರು. ಇಲ್ಲಿನ ಬಳ್ಳಿಗೆ ಯುರೋಪಿನಂತೆ ಚಳಿಗಾಲದ ನಿದ್ದೆಯಿಲ್ಲದ ಕಾರಣ ವರ್ಷಕ್ಕೆ ಎರಡು ಬಾರಿ ಅದರ ರೆಂಬೆಗಳನ್ನು ಸವರಿ, ಚಳಿಗಾಲ ಕಳೆದು ಬೇಸಿಗೆ ಕಾಲಿಡುವ ಹೊತ್ತಿಗೆ ಒಂದೇ ಕೊಯ್ಲು ಮಾಡುತ್ತಾರೆ. ವಾರಾಂತ್ಯಕ್ಕೆ ನಂದಿಗೆ ಹೋಗಿಬರುವ ದಾರಿಯ ಆಸುಪಾಸಿನಲ್ಲೇ ಇಷ್ಟು ಕೆಲಸ ನಡೆಯುತ್ತಿರುವಾಗ, ಅಲ್ಲಿನ ವೈನನ್ನು ನಮ್ಮ ಅಡುಗೆಯೊಡನೆ ಒಮ್ಮೆಯಾದರೂ ಸವಿದು ನೋಡದಿರುವುದು ಸರಿಯಲ್ಲ ಎನಿಸಿತ್ತು.

ಕೊಳ್ಳುವಾಗಿನ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಮೊದಲು ಹೋದ ಅಂಗಡಿಯಲ್ಲಿ ವೈನ್ ಬಾಟಲಿಗಳನ್ನು ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಗಾಜಿನ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದ್ದರು. ಬಿಸಿಲು ಮತ್ತು ಕಾವು ವೈನನ್ನು ಬೇಗ ಕೆಡಿಸುತ್ತವೆಯಾದ್ದರಿಂದ ಅಲ್ಲಿ ಕೊಳ್ಳದೆ, ಒಳಗೆ ತಂಪಾದ ಕಪಾಟಿನಲ್ಲಿ ಇಟ್ಟಿದ್ದ ಮತ್ತೊಂದು ಅಂಗಡಿಯಿಂದ ತಂದೆನು.

ಆದರೆ ಮನೆಯಲ್ಲಿ ನಾನೇ ತಪ್ಪಿದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂದು ಎಲ್ಲೋ ಕೇಳಿದ್ದ ನೆನಪಿನಿಂದ ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಇಟ್ಟಿದ್ದೆ. ಆ ಮಾತು ಹುಟ್ಟಿದ್ದು ತಣ್ಣನೆಯ ದೇಶಗಳ ಕಲ್ಲಿನ ಮನೆಗಳಲ್ಲಿ. ಅಲ್ಲಿನ ಕೋಣೆಯ ಉಷ್ಣತೆ ಎಂದರೆ 16ರಿಂದ 18 ಡಿಗ್ರಿ. ಎರಡು ಒಲೆ ಉರಿಯುತ್ತಿದ್ದ ನಮ್ಮ ಅಡುಗೆಮನೆಯಲ್ಲಿ 30 ಡಿಗ್ರಿಗೆ ಕಡಿಮೆಯಿರಲಿಲ್ಲ. ಹೀಗಾಗಿ ಮೊದಲ ಗುಟುಕಿನಲ್ಲಿ ಹಣ್ಣಿಗಿಂತ ಮದ್ಯಸಾರದ ಘಾಟೇ ಮುಂದಾಗಿ ಮೂಗಿಗೆ ಹೊಡೆಯಿತು. "ಇದು ಕೆಮ್ಮಿನ ಔಷಧಿಯಂತಿದೆಯಲ್ಲೇ" ಎಂದು ಅಕ್ಕ ಗ್ಲಾಸನ್ನು ಕೆಳಗಿಟ್ಟಳು. ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಮತ್ತೆ ಸುರಿದಾಗ ಅದೇ ವೈನ್ ಎಂದು ನಂಬುವುದೇ ಕಷ್ಟವಾಯಿತು. ಘಾಟು ಇಳಿದು, ಮಾಗಿದ ಕಪ್ಪು ಹಣ್ಣಿನ ವಾಸನೆ ಮೇಲೆ ಬಂದಿತ್ತು, ಅದರ ಹಿಂದೆ ಕಾಳುಮೆಣಸನ್ನು ಆಗತಾನೇ ಕುಟ್ಟಿದಂತಹ ಒಂದು ಚುರುಕು ಇತ್ತು. ಮೆಣಸಿನ ಈ ಗುಣ ಶಿರಾಜ್ ತಳಿಯದು. ಕಾಳುಮೆಣಸಿನಲ್ಲಿ ಇರುವ ರೊಟುಂಡೋನ್ ಎಂಬ ಸಂಯುಕ್ತವೇ ಆ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇರುತ್ತದೆ.

ಭಾವನವರ ತಕರಾರು ಬೇರೆಯದಾಗಿತ್ತು. ಕ್ರಿಸ್ಮಸ್ ಸಮಯದಲ್ಲಿ ಅವರ ನೆರೆಮನೆಯವರು ಬೆಂಗಳೂರು ನೀಲಿ ದ್ರಾಕ್ಷಿಗೆ ಸಕ್ಕರೆ, ಚಕ್ಕೆ, ಲವಂಗ ಹಾಕಿ ಭರಣಿಯಲ್ಲಿ ಹುದುಗಿಸಿ ಕೊಡುವ ಸಿಹಿ ವೈನನ್ನು ಕುಡಿದೇ ಅವರಿಗೆ ಅಭ್ಯಾಸ. ಆದ್ದರಿಂದ ವೈನ್ ಎಂದರೆ ಸಿಹಿಯಾಗಿರಬೇಕು ಎಂಬ ನಿರೀಕ್ಷೆ ಅವರಿಗಿತ್ತು. ನಾವು ತಂದದ್ದು ಡ್ರೈ ವೈನ್. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟ್ ಮದ್ಯಸಾರವಾಗಿ ಮಾರ್ಪಡಿಸಿರುವುದರಿಂದ ಸಿಹಿ ಉಳಿದಿರುವುದಿಲ್ಲ, ಬದಲಿಗೆ ಸಿಪ್ಪೆ ಮತ್ತು ಬೀಜದಿಂದ ಇಳಿದ ಟ್ಯಾನಿನ್ನಿನ ಒಗರು ನಾಲಿಗೆಯನ್ನು ಹಿಡಿಯುತ್ತದೆ. ಕನ್ನಡದಲ್ಲಿ ಈ ರುಚಿಗೆ ಹೊಸ ಹೆಸರು ಹುಡುಕಬೇಕಾಗಿಲ್ಲ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಒರಟಾಗುವುದು, ಎಳೆಯ ಅಡಿಕೆ ಬಾಯನ್ನು ಹಿಂಡುವುದು, ಬಾಳೆಹೂವನ್ನು ಮಜ್ಜಿಗೆಯಲ್ಲಿ ನೆನೆಸದೆ ಬೇಯಿಸಿದರೆ ಆಗುವ ಅನುಭವ, ಇವೆಲ್ಲ ಒಂದೇ ಜಾತಿಯವು. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಳೆಯುವುದರಿಂದ ಹೀಗಾಗುತ್ತದೆ. "ಹಾಗಾದರೆ ನೇರಳೆ ಹಣ್ಣೆಂದುಕೊಂಡೇ ಕುಡಿಯುತ್ತೇನೆ" ಎಂದ ಭಾವ ಎರಡನೆಯ ಗ್ಲಾಸಿನ ಹೊತ್ತಿಗೆ ಆ ಒಗರನ್ನು ದೂರುವುದನ್ನು ಬಿಟ್ಟಿದ್ದರು.

ನಿಜವಾದ ಪರೀಕ್ಷೆ ನಡೆದದ್ದು ತಟ್ಟೆಯ ಮುಂದೆ. ಅಂದು ಅಕ್ಕಿ ರೊಟ್ಟಿ, ಮಟನ್ ಚಾಪ್ಸ್, ಬದನೆಕಾಯಿ ಎಣ್ಣೆಗಾಯಿ, ಕೊನೆಗೆ ಅನ್ನ ಮತ್ತು ಟೊಮೇಟೊ ಸಾರು ಮಾಡಿದ್ದೆವು. ಚಾಪ್ಸಿನ ಜೊತೆಗೆ ಈ ವೈನ್ ಅತ್ಯಂತ ಚೆನ್ನಾಗಿ ಹೊಂದಿತು. ಮಾಂಸದ ಕೊಬ್ಬು ಮತ್ತು ಪ್ರೋಟೀನು ಟ್ಯಾನಿನ್ನನ್ನು ತಮ್ಮ ಕಡೆಗೆ ಸೆಳೆದುಕೊಳ್ಳುವುದರಿಂದ ಒಗರು ಮೆತ್ತಗಾಯಿತು; ಮಸಾಲೆಯ ಕಾಳುಮೆಣಸು ವೈನಿನ ಮೆಣಸಿನೊಡನೆ ಕೂಡಿಕೊಂಡಿತು; ಎಲುಬಿನ ಸುತ್ತಲಿನ ಜಿಡ್ಡನ್ನು ವೈನಿನ ಹುಳಿ ತೊಳೆದು ಮುಂದಿನ ತುತ್ತಿಗೆ ಬಾಯನ್ನು ಸಿದ್ಧಮಾಡಿತು. ನನ್ನ ಗಂಡ ಮಾಂಸ ತಿನ್ನುವುದಿಲ್ಲ, ಅವರ ಪಾಲಿಗೆ ಎಣ್ಣೆಗಾಯಿಯೇ ಮುಖ್ಯ. ಕಡಲೆಕಾಯಿ, ಎಳ್ಳು, ಕೊಬ್ಬರಿ ಅರೆದು ತುಂಬಿದ ಆ ಬದನೆಕಾಯಿಯಲ್ಲಿ ಜಿಡ್ಡು ಸಾಕಷ್ಟಿರುವುದರಿಂದ ಸಸ್ಯಾಹಾರಿಗಳಿಗೂ ಈ ವೈನಿನೊಡನೆ ಒಳ್ಳೆಯ ಜೋಡಿ ಸಿಕ್ಕಿತು. ನನಗಂತೂ ಅಂದಿನ ಅನಿರೀಕ್ಷಿತ ಸಂತೋಷ ಅದೇ.

ಸಾರಿನ ಸರದಿ ಬಂದಾಗ ಮಾತ್ರ ಹೊಂದಾಣಿಕೆ ಮುರಿಯಿತು. ಹುಣಸೆಹುಳಿಯ ಮುಂದೆ ವೈನ್ ಸಪ್ಪೆಯಾಯಿತು, ಒಣಮೆಣಸಿನಕಾಯಿಯ ಖಾರವನ್ನು ಮದ್ಯಸಾರ ಇನ್ನಷ್ಟು ಉರಿಸಿತು. ಇದು ವೈನಿನ ದೋಷವಲ್ಲ. ಹುಳಿ ಮತ್ತು ಖಾರ ಎರಡೂ ಮುಂದಿರುವ ಅಡುಗೆಗೆ ಒಗರಿನ ಕೆಂಪು ವೈನ್ ಸಾಮಾನ್ಯವಾಗಿ ಒಗ್ಗುವುದಿಲ್ಲ. ಸಾರನ್ನ ಬಡಿಸುವ ಮೊದಲೇ ಗ್ಲಾಸುಗಳನ್ನು ಬದಿಗಿಟ್ಟು ನೀರು ಕುಡಿಯುವುದು ಒಳ್ಳೆಯದು.

ಬಾಟಲಿಯಲ್ಲಿ ಒಂದು ಗ್ಲಾಸಿನಷ್ಟು ಉಳಿದಿತ್ತು. ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟದ್ದನ್ನು ಭಾನುವಾರ ರಾತ್ರಿ ನಾವಿಬ್ಬರೂ ಹಂಚಿಕೊಂಡೆವು. ಗಾಳಿಯಾಡಿ ಒಗರು ಕಡಿಮೆಯಾಗಿತ್ತು, ಹಣ್ಣಿನ ಪರಿಮಳವೂ ಸ್ವಲ್ಪ ಇಳಿದಿತ್ತು, ಆದರೂ ಹಿಂದಿನ ದಿನದ ಎಣ್ಣೆಗಾಯಿಯೊಡನೆ ಹಿತವಾಗಿಯೇ ಇತ್ತು. ಊಟವಿಲ್ಲದೆ ಬರಿದೆ ಕುಡಿಯಲು ನಾನು ಇದನ್ನು ಆರಿಸಿಕೊಳ್ಳಲಾರೆ, ಆದರೆ ಚಾಪ್ಸ್ ಮಾಡುವ ದಿನಕ್ಕೆ ಖಂಡಿತ ಮತ್ತೆ ತರುತ್ತೇನೆ. ಮುಂದಿನ ಸಲದ ಬಾಟಲಿಯನ್ನು ತಾವೇ ತರುವುದಾಗಿ ಹೊರಡುವಾಗ ಭಾವ ಹೇಳಿ ಹೋಗಿದ್ದಾರೆ, ಮನೆಗೆ ಬಂದೊಡನೆ ಅದನ್ನು ಫ್ರಿಜ್ಜಿಗೆ ಸೇರಿಸಬೇಕೆಂದು ಅಕ್ಕ ಅವರಿಗೆ ಆಗಲೇ ತಾಕೀತು ಮಾಡಿದ್ದಾಳೆ.