ಓಕೆ ಪ್ರಾಂಪ್ಟಿನಲ್ಲಿ ಹೆಸರು ತೋರಿಸದ ಕಾರ್ಡಿಗೆ ದುಡ್ಡು ಕೊಡಬೇಡಿ: ಅಲ್ಟ್ರಾ 60 ಕೊಳ್ಳುವವರಿಗೆ ಎಚ್ಚರಿಕೆ

ಅಲ್ಟ್ರಾ 60ರಂಥ ಹಳೆಯ ಸನ್ ವರ್ಕ್‌ಸ್ಟೇಷನ್ (ಸನ್ ಕಂಪನಿಯ ಸ್ಪಾರ್ಕ್ ಪ್ರೊಸೆಸರಿನ ಕಂಪ್ಯೂಟರ್) ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಓಕೆ ಪ್ರಾಂಪ್ಟ್ ಅಂದರೆ ಆಪರೇಟಿಂಗ್ ಸಿಸ್ಟಂ ಏಳುವ ಮೊದಲು ಯಂತ್ರದ ಓಪನ್‌ಬೂಟ್ ಫರ್ಮ್‌ವೇರ್ ಕಮಾಂಡ್ ಕೇಳುವ ಜಾಗ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಹೇಳಿದ್ದನ್ನೇ ಹೇಳಿದರೂ ಪರವಾಗಿಲ್ಲ, ಇನ್ನೊಬ್ಬರು ಈ ಬಲೆಗೆ ಬೀಳಬಾರದು. ಸನ್ ಯಂತ್ರಗಳ ಒಳಹೊರಗು ಗೊತ್ತಿದ್ದವರಿಗೇ ಹೀಗೆ ಟೋಪಿ ಹಾಕಿದ್ದಾರೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ಅದೇ ಫೋಟೊಗಳು ಮತ್ತೆ ಮಾರಾಟಕ್ಕೆ ಬಂದಿವೆ.

ಮಾರಾಟದ ವಿವರ ಹೀಗಿತ್ತು: ಸನ್ ಅಲ್ಟ್ರಾ 60, ಎರಡು ಪ್ರೊಸೆಸರ್, ಸೋಲಾರಿಸ್ 10 (ಸನ್‌ನ ಆಪರೇಟಿಂಗ್ ಸಿಸ್ಟಂ) ಹಾಕಿದ್ದು, ಒರಿಜಿನಲ್ ಸನ್ ಪಿಜಿಎಕ್ಸ್64 ಗ್ರಾಫಿಕ್ಸ್ ಕಾರ್ಡ್, ಬೂಟ್ ಆಗುವ ಹೆಚ್ಚುವರಿ ಸ್ಕಸಿ ಕಾರ್ಡ್ (ಡಿಸ್ಕ್ ಜೋಡಿಸುವ ಕಾರ್ಡ್), ಎನ್‌ವಿರ್ಯಾಮ್ (ಯಂತ್ರದ ಗುರುತು ಮತ್ತು ಸೆಟ್ಟಿಂಗ್ ಉಳಿಸುವ ಚಿಪ್) ಬ್ಯಾಟರಿ ಸರಿ ಇದೆ, ಎಲ್ಲ ಪರೀಕ್ಷಿಸಿದ್ದೇವೆ. ಜೊತೆಗೆ ಮೂರು ಫೋಟೊ. ಒಂದರಲ್ಲಿ ಪವರ್ ಆನ್ ಮಾಡಿದಾಗ ಬರುವ ಬ್ಯಾನರ್, ಈಥರ್‌ನೆಟ್ ವಿಳಾಸ ಮತ್ತು ಹೋಸ್ಟ್ ಐಡಿ (ಯಂತ್ರದ ಗುರುತು ಸಂಖ್ಯೆ) ಸಮೇತ. ಎರಡನೆಯದರಲ್ಲಿ ಸೋಲಾರಿಸ್‌ನ ಸಿಡಿಇ ಡೆಸ್ಕ್‌ಟಾಪ್ ತೆರೆದ ಮಾನಿಟರ್. ಮೂರನೆಯದರಲ್ಲಿ ಫಾರ್ಮ್ಯಾಟ್ ಕಮಾಂಡ್ ತೋರಿಸಿದ ಡಿಸ್ಕುಗಳ ಪಟ್ಟಿ, ಅದರಲ್ಲಿ ಹೆಚ್ಚುವರಿ ಕಾರ್ಡಿಗೆ ಸಿಕ್ಕಿಸಿದ ಡಿಸ್ಕೂ ಇದೆ. ಮೂರೂ ನಿಜವಾದ ಫೋಟೊಗಳೇ, ಮೂರೂ ಮೋಸವೇ.

ಯಂತ್ರ ಬಂತು. ಪವರ್ ಕೊಟ್ಟರೆ ಮಾನಿಟರ್ ಕಪ್ಪು. ಕೀಬೋರ್ಡ್ ತೆಗೆದು ಸೀರಿಯಲ್ ಎ ಪೋರ್ಟಿಗೆ ಟರ್ಮಿನಲ್ ಜೋಡಿಸಿದಾಗ ಕಂಡ ಮೊದಲ ಸಾಲೇ ಐಡಿಪ್ರಾಮ್ ಕಂಟೆಂಟ್ಸ್ ಆರ್ ಇನ್‌ವ್ಯಾಲಿಡ್, ಅಂದರೆ ಎನ್‌ವಿರ್ಯಾಮ್‌ನಲ್ಲಿ ಯಂತ್ರದ ಗುರುತು ಇರುವ ಭಾಗ ಕೆಟ್ಟಿದೆ ಎಂದು. ಈಥರ್‌ನೆಟ್ ವಿಳಾಸ ಎಲ್ಲವೂ ಎಫ್‌ಎಫ್, ಹೋಸ್ಟ್ ಐಡಿಯೂ ಎಲ್ಲ ಎಫ್. "ಎನ್‌ವಿರ್ಯಾಮ್ ಬ್ಯಾಟರಿ ಸರಿ ಇದೆ" ಎಂದಿದ್ದರಲ್ಲ, ಅದು ಸತ್ತು ವರ್ಷಗಳೇ ಆಗಿರಬೇಕು.

ಹಾಗಾದರೆ ಫೋಟೊದ ಬ್ಯಾನರ್? ಇಲ್ಲೇ ಕೈಚಳಕ. ಅಲ್ಟ್ರಾ 60ರಲ್ಲಿರುವುದು ಎಂ48ಟಿ59ವೈ ಟೈಮ್‌ಕೀಪರ್ ಚಿಪ್, 28 ಕಾಲಿನದು, ಬ್ಯಾಟರಿ ಅದರ ಮೇಲ್ಭಾಗದಲ್ಲೇ ಸೀಲ್ ಆಗಿರುತ್ತದೆ. ಬ್ಯಾಟರಿ ಸತ್ತಿದ್ದರೂ ಯಂತ್ರ ಆನ್ ಇರುವವರೆಗೆ ಬರೆದದ್ದು ಉಳಿಯುತ್ತದೆ. ಓಕೆ ಪ್ರಾಂಪ್ಟಿನಲ್ಲಿ ಎಂಕೆಪಿ ಕಮಾಂಡಿನಿಂದ ಐಡಿಪ್ರಾಮಿನ 16 ಬೈಟ್ ತುಂಬಿಸಿ, ಬ್ಯಾನರ್ ಎಂದು ಟೈಪ್ ಮಾಡಿ, ಫೋಟೊ ಹೊಡೆದುಕೊಂಡರೆ ಮುಗಿಯಿತು. ವೈರ್ ಕಿತ್ತ ಮೇಲೆ ಎಲ್ಲ ಅಳಿಸಿಹೋಗುತ್ತದೆ.

ಆ ಫೋಟೊವನ್ನು ಈಗ ದೊಡ್ಡದು ಮಾಡಿ ನೋಡಿದರೆ ಮೈ ಉರಿಯುತ್ತದೆ. ಅದರಲ್ಲಿರುವ ವಿಳಾಸ 8:0:20:ಸಿ0:ಎಫ್‌ಎಫ್:ಇಇ. ಮೊದಲ ಮೂರು ಬೈಟ್ ಸನ್ ಕಂಪನಿಯದೇ, ಸರಿ. ಕೊನೆಯ ಮೂರು? ಎನ್‌ವಿರ್ಯಾಮ್ ದುರಸ್ತಿಯ ಸೂಚನೆಗಳಲ್ಲಿ ಉದಾಹರಣೆಗೆಂದು ಕೊಟ್ಟಿರುವ ಸಂಖ್ಯೆ ಅದು, ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ಯಾವ ಸನ್ ಯಂತ್ರದ ಬ್ಯಾನರಿನಲ್ಲಾದರೂ ಸಿ0ಎಫ್‌ಎಫ್‌ಇಇ ಕಂಡರೆ ಯಾರೋ ಕೈಯಿಂದ ತುಂಬಿದ್ದಾರೆ, ಒಳಗಿನ ಚಿಪ್ ಸತ್ತಿದೆ ಅಥವಾ ಒಮ್ಮೆ ಸತ್ತಿತ್ತು ಎಂದೇ ತಿಳಿಯಿರಿ.

ಬ್ಯಾಟರಿ ಸತ್ತಿರುವುದು ತಪ್ಪಲ್ಲ. ಇಷ್ಟು ಹಳೆಯ ಯಂತ್ರದಲ್ಲಿ ಅದು ಸಹಜ, ರಿಪೇರಿಯೂ ಕಷ್ಟವಲ್ಲ. ಚಿಪ್ಪಿನ ಬದಿ ಕೊರೆದು ಒಳಗಿನ ಬ್ಯಾಟರಿಯ ಸಂಪರ್ಕ ಕತ್ತರಿಸಿ, ಹೊರಗೆ ಸಿಆರ್2032 ಹೋಲ್ಡರ್ ಬೆಸೆದರಾಯಿತು. ಸತ್ತಿದೆ ಎಂದು ಹೇಳಿ ಮಾರಬಹುದಿತ್ತು. ಸರಿ ಇದೆ ಎಂದು ಬರೆದು, ಸುಳ್ಳು ವಿಳಾಸ ತುಂಬಿ ಫೋಟೊ ತೆಗೆದದ್ದು ತಪ್ಪು. ಕೇಳಿದ್ದಕ್ಕೆ ಬಂದ ಉತ್ತರ: "ನಮ್ಮ ಹತ್ತಿರ ಇದ್ದಾಗ ಸರಿಯಾಗೇ ಇತ್ತು ಸಾರ್, ದಾರಿಯಲ್ಲಿ ಏನಾಯಿತೋ." ದಾರಿಯಲ್ಲಿ ಆದದ್ದು ಒಂದೇ, ವೈರ್ ಕಿತ್ತಿದ್ದು.

ಈಗ ಗ್ರಾಫಿಕ್ಸ್ ಕಾರ್ಡ್. ಹೆಚ್ಚು ಕೋಪ ಇದರ ಮೇಲೆಯೇ.

ಸನ್‌ನ ಪಿಜಿಎಕ್ಸ್64 ಅಂದರೆ ಎಟಿಐ ರೇಜ್ ಎಕ್ಸ್‌ಎಲ್ ಚಿಪ್ ಇರುವ ಪಿಸಿಐ ಕಾರ್ಡ್. ಅದೇ ಚಿಪ್ ಇರುವ ಪಿಸಿ ಕಾರ್ಡುಗಳು ರಾಶಿಗಟ್ಟಲೆ ಸಿಗುತ್ತವೆ. ಎರಡರ ನಡುವಿನ ವ್ಯತ್ಯಾಸ ಕಾರ್ಡಿನ ಮೇಲಿನ ರಾಮ್‌ನಲ್ಲಿದೆ (ಆರ್‌ಓಎಂ, ಕಾರ್ಡಿನ ಕೋಡ್ ಇಟ್ಟ ಚಿಪ್). ಪಿಸಿ ಕಾರ್ಡಿನ ರಾಮ್‌ನಲ್ಲಿ ಎಕ್ಸ್86 ಪ್ರೊಸೆಸರಿಗೆ ಬರೆದ ವಿಡಿಯೊ ಬಯಾಸ್ ಇರುತ್ತದೆ, ಸ್ಪಾರ್ಕ್ ಅದನ್ನು ಓಡಿಸಲಾರದು. ಸನ್ ಕಾರ್ಡಿನಲ್ಲಿ ಎಫ್‌ಕೋಡ್, ಅಂದರೆ ಓಪನ್‌ಬೂಟ್ ಓಡಿಸಬಲ್ಲ ಸಣ್ಣ ಪ್ರೋಗ್ರಾಂ, ಇರುತ್ತದೆ. ಐಇಇಇ 1275 ಮಾನದಂಡದ ಪ್ರಕಾರ ಓಪನ್‌ಬೂಟ್ ಪವರ್ ಆನ್ ಆದಾಗ ಆ ಎಫ್‌ಕೋಡನ್ನು ಓಡಿಸಿ, ಕಾರ್ಡಿಗೆ ಹೆಸರಿಟ್ಟು, ಪರದೆಯನ್ನು ಸಿದ್ಧಮಾಡುತ್ತದೆ. ಎಫ್‌ಕೋಡ್ ಇಲ್ಲದಿದ್ದರೆ ಓಪನ್‌ಬೂಟ್‌ಗೆ ಅದು ಹೆಸರಿಲ್ಲದ ಒಂದು ಪಿಸಿಐ ಸಾಧನ, ಅಷ್ಟೇ.

ಓಕೆ ಪ್ರಾಂಪ್ಟಿನಲ್ಲಿ ಶೋ-ಡೆವ್ಸ್ (ಸಾಧನಗಳ ಪಟ್ಟಿ ತೋರಿಸುವ ಕಮಾಂಡ್) ಟೈಪ್ ಮಾಡಿದಾಗ ನಿಜವಾದ ಪಿಜಿಎಕ್ಸ್64 ಎಸ್‌ಯುಎನ್‌ಡಬ್ಲ್ಯು,ಎಂ64ಬಿ ಎಂದು ಕಾಣಬೇಕು. ಇದರಲ್ಲಿ ಕಂಡದ್ದು ಪಿಸಿಐ1002 ಎಂದು ಶುರುವಾಗುವ ಬರೀ ಸಂಖ್ಯೆ. 1002 ಎಟಿಐನ ಗುರುತು. ಆ ಒಂದು ಸಾಲು ನೋಡಿದ ಕ್ಷಣವೇ ಎಲ್ಲ ಅರ್ಥವಾಯಿತು. ಖಚಿತಪಡಿಸಿಕೊಳ್ಳಲು ಪಟ್ಟಿಯಲ್ಲಿ ಆ ಕಾರ್ಡಿನ ಜಾಗಕ್ಕೆ (ನೋಡ್) ಸಿಡಿ ಕಮಾಂಡಿನಿಂದ ಹೋಗಿ, ವಿವರ ತೋರಿಸುವ ಡಾಟ್-ಪ್ರಾಪರ್ಟೀಸ್ ಕೊಟ್ಟರೆ ಎಫ್‌ಕೋಡ್-ರಾಮ್-ಆಫ್‌ಸೆಟ್ ಇಲ್ಲ, ಡಿವೈಸ್-ಟೈಪ್ ಡಿಸ್ಪ್ಲೇ ಇಲ್ಲ, ಮಾಡೆಲ್ ಇಲ್ಲ. ವೆಂಡರ್ ಐಡಿ, ಡಿವೈಸ್ ಐಡಿ, ರಿಜಿಸ್ಟರ್ ವಿಳಾಸಗಳು ಮಾತ್ರ. ಆ ಕಾರ್ಡಿನ ಮೇಲೆ ಸನ್ ಹೆಸರಿನ ಸ್ಟಿಕ್ಕರ್ ಅಂಟಿಸಿದ್ದರು! ಮೂಲ ಸನ್ ಕಾರ್ಡುಗಳಲ್ಲಿ 370, 375 ಅಥವಾ 501ರಿಂದ ಶುರುವಾಗುವ ಭಾಗಸಂಖ್ಯೆ ಬಾರ್‌ಕೋಡ್ ಜೊತೆ ಇರುತ್ತದೆ. ಇದರಲ್ಲಿ ಬರೀ ಲಾಂಛನ, ಸಂಖ್ಯೆಯೇ ಇಲ್ಲ.

ಇನ್ನೂ ಸಂಶಯ ಇದ್ದವರಿಗೆ ಪಕ್ಕಾ ಪರೀಕ್ಷೆ ಇದೆ. ಕಾರ್ಡನ್ನು ಲಿನಕ್ಸ್ ಇರುವ ಪಿಸಿಗೆ ಹಾಕಿ, ಸಿಸ್‌ಎಫ್‌ಎಸ್‌ನಲ್ಲಿ ಆ ಸಾಧನದ ರಾಮ್ ಫೈಲಿಗೆ ರೂಟ್ ಆಗಿ 1 ಬರೆಯಿರಿ, ಆಮೇಲೆ ಅದನ್ನೇ ಓದಿ ಉಳಿಸಿಕೊಂಡು ಹೆಕ್ಸ್‌ನಲ್ಲಿ ನೋಡಿ. ಮೊದಲ ಎರಡು ಬೈಟ್ 55 ಎಎ. ಹೆಕ್ಸ್ 18ನೇ ಸ್ಥಾನದಲ್ಲಿರುವ ಸಂಖ್ಯೆ ಪಿಸಿಐಆರ್ ಎಂಬ ನಾಲ್ಕು ಅಕ್ಷರದಿಂದ ಶುರುವಾಗುವ ಭಾಗಕ್ಕೆ ದಾರಿ ತೋರಿಸುತ್ತದೆ. ಅಲ್ಲಿಂದ ಹೆಕ್ಸ್ 14 ಬೈಟ್ ಮುಂದಿರುವುದು ಕೋಡಿನ ಬಗೆ: 0 ಇದ್ದರೆ ಪಿಸಿ ಬಯಾಸ್, 1 ಇದ್ದರೆ ಓಪನ್ ಫರ್ಮ್‌ವೇರ್. ಇದರಲ್ಲಿ ಇದ್ದದ್ದು 0. ಆ ಫೈಲನ್ನೂ ಮಾರಿದವರಿಗೆ ಕಳಿಸಿದೆ. ಉತ್ತರ ಕೇಳಿ:

"ಚಿಪ್ ಎಟಿಐದೇ ತಾನೇ ಸಾರ್, ಸನ್‌ನವರೂ ಅದನ್ನೇ ಹಾಕ್ತಿದ್ರು. ಡ್ರೈವರ್ ಹಾಕ್ಕೊಳ್ಳಿ, ಬರುತ್ತೆ."

ಬರುವುದಿಲ್ಲ! ಸೋಲಾರಿಸ್‌ನ ಎಂ64 ಡ್ರೈವರ್ ಅಂಟಿಕೊಳ್ಳುವುದೇ ಎಫ್‌ಕೋಡ್ ಕೊಟ್ಟ ಆ ಎಂ64ಬಿ ಹೆಸರಿಗೆ. ಹೆಸರೇ ಇಲ್ಲದಿದ್ದರೆ ಡ್ರೈವರ್ ಯಾವುದಕ್ಕೆ ಅಂಟಬೇಕು? ಡ್ರೈವರ್ ಹೇಗೋ ಅಂಟಿದರೂ ಅದು ಕರ್ನಲ್ ಎದ್ದ ಮೇಲಿನ ಮಾತು, ಓಕೆ ಪ್ರಾಂಪ್ಟ್ ಪರದೆಯ ಮೇಲೆ ಬರಲು ಎಫ್‌ಕೋಡ್ ಬೇಕೇ ಬೇಕು. ಇದನ್ನೆಲ್ಲ ಬಿಡಿಸಿ ಬರೆದರೆ ಮುಂದಿನ ಉತ್ತರ: "ಹಾಗಾದ್ರೆ ಸನ್ ರಾಮ್ ಫ್ಲ್ಯಾಶ್ ಮಾಡ್ಕೊಳ್ಳಿ ಸಾರ್." ಅಂದರೆ ಅದು ಸನ್ ಕಾರ್ಡ್ ಅಲ್ಲ ಎಂದು ತಾವೇ ಒಪ್ಪಿಕೊಂಡಂತಾಯಿತು! ಕಾರ್ಡಿನ ಫ್ಲ್ಯಾಶ್ ಚಿಪ್ ಎಷ್ಟು ಕಿಲೋಬೈಟಿನದು, ಮೆಮೊರಿ ಯಾವ ಬಗೆಯದು, ಕ್ಲಾಕ್ ಎಷ್ಟು ಎಂಬುದೆಲ್ಲ ಹೊಂದಬೇಕು, ಇಲ್ಲದಿದ್ದರೆ ಕಾರ್ಡ್ ಪಿಸಿಗೂ ಇಲ್ಲ ಸನ್‌ಗೂ ಇಲ್ಲ ಎಂದಾಗುತ್ತದೆ. ಒರಿಜಿನಲ್ ಎಂದು ಬೆಲೆ ತೆಗೆದುಕೊಂಡವರು ಹೇಳುವ ಮಾತೇ ಇದು?

ಹಾಗಾದರೆ ಎರಡನೇ ಫೋಟೊದಲ್ಲಿ ಡೆಸ್ಕ್‌ಟಾಪ್ ಹೇಗೆ ಬಂತು? ಯಂತ್ರ ಬಿಚ್ಚಿ ನೋಡಿದರೆ ಎರಡೂ ಯುಪಿಎ ಸ್ಲಾಟ್ (ಸನ್‌ನದೇ ಗ್ರಾಫಿಕ್ಸ್ ಕಾರ್ಡುಗಳ ಸ್ಲಾಟ್) ಖಾಲಿ, ಒಂದರ ಹಿಂದಿನ ಮುಚ್ಚಳವೂ ಇಲ್ಲ. ಕ್ರಿಯೇಟರ್ 3ಡಿ, ಎಲೀಟ್ 3ಡಿ ಕಾರ್ಡುಗಳು ಕೂರುವುದು ಅಲ್ಲೇ. ಫೋಟೊಗೆ ಯುಪಿಎ ಕಾರ್ಡ್ ಹಾಕಿ, ಕಳಿಸುವಾಗ ಕಿತ್ತುಕೊಂಡಿದ್ದಾರೆ. ಕೇಳಿದಾಗ ಹೇಳಿದ್ದು: "ಆ ಕಾರ್ಡ್ ಬೇರೆಯವರಿಗೆ ಹೋಯ್ತು ಸಾರ್. ಲಿಸ್ಟಿನಲ್ಲಿ ಪಿಜಿಎಕ್ಸ್64 ಅಂತ ತಾನೇ ಇರೋದು, ಅದನ್ನ ಕೊಟ್ಟಿದೀವಲ್ಲ." ಒಂದು ಕಾರ್ಡಿನ ಚಿತ್ರ ತೋರಿಸಿ ಇನ್ನೊಂದರ ಹೆಸರು ಬರೆದು, ಅದನ್ನೂ ಕೊಡಲಿಲ್ಲ. ಓದಿ ತುಂಬ ಹೊತ್ತು ಕೈ ನಡುಗಿತು.

ಸ್ಕಸಿ ಕಾರ್ಡಿನದೂ ಇದೇ ಕತೆ, ಸ್ವಲ್ಪ ಬೇರೆ ರೀತಿ. ಅದು ಸಿಂಬಯೋಸ್ 53ಸಿ875 ಚಿಪ್ ಇರುವ ಪಿಸಿ ಕಾರ್ಡ್. ಯಂತ್ರದ ಬೋರ್ಡಿನ ಮೇಲಿರುವುದೂ ಅದೇ ಚಿಪ್, ಹಾಗಾಗಿ ಸೋಲಾರಿಸ್ ಎದ್ದ ಮೇಲೆ ಜಿಎಲ್‌ಎಂ ಡ್ರೈವರ್ ಈ ಕಾರ್ಡನ್ನೂ ಹಿಡಿದುಕೊಳ್ಳುತ್ತದೆ, ಫಾರ್ಮ್ಯಾಟ್ ಪಟ್ಟಿಯಲ್ಲಿ ಡಿಸ್ಕ್ ಕಾಣುತ್ತದೆ. ಮೂರನೇ ಫೋಟೊ ಅದೇ. ಆದರೆ ಎಫ್‌ಕೋಡ್ ಇಲ್ಲದ್ದರಿಂದ ಪ್ರೋಬ್-ಸ್ಕಸಿ-ಆಲ್ (ಓಕೆ ಪ್ರಾಂಪ್ಟಿನಲ್ಲಿ ಸ್ಕಸಿ ಡಿಸ್ಕುಗಳನ್ನು ಹುಡುಕುವ ಕಮಾಂಡ್) ಅದನ್ನು ಮುಟ್ಟುವುದೇ ಇಲ್ಲ, ಅದರ ಮೇಲಿನ ಡಿಸ್ಕಿನಿಂದ ಬೂಟ್ ಆಗುವುದೂ ಇಲ್ಲ. ಡೇಟಾ ಡಿಸ್ಕಿಗೆ ಸಾಕು ಎನ್ನುವವರಿಗೆ ಇಂಥ ಕಾರ್ಡ್ ಪರವಾಗಿಲ್ಲ, ಆದರೆ ಮಾರಿದ್ದು ಬೂಟ್ ಆಗುತ್ತದೆ ಎಂದು! "ಫಾರ್ಮ್ಯಾಟಲ್ಲಿ ಕಾಣ್ತಿದೆಯಲ್ಲ ಸಾರ್, ಇನ್ನೇನು ಬೇಕು" ಎಂದು ಬರೆದರು. ಬೂಟ್ ಬೇಕು.

ಇಲ್ಲಿಗೇ ಸಂಬಂಧಿಸಿದ ಇನ್ನೊಂದು ಅಪಾಯ. ಸನ್‌ನದೇ ಆದ ಎರಡು ಸ್ಕಸಿ ಕಾರ್ಡ್ ಇವೆ, ಎಕ್ಸ್6540ಎ ಮತ್ತು ಎಕ್ಸ್6541ಎ. ಮೊದಲನೆಯದು ಸಿಂಗಲ್ ಎಂಡೆಡ್, ಎರಡನೆಯದು ಹೈ ವೋಲ್ಟೇಜ್ ಡಿಫರೆನ್ಷಿಯಲ್, ಅಂದರೆ ವಿದ್ಯುತ್ ಸಂಕೇತದ ಬಗೆಯೇ ಬೇರೆ. ಕನೆಕ್ಟರ್ ಒಂದೇ ಥರ, ಹಾಗಾಗಿ ಕೇಬಲ್ ಸಲೀಸಾಗಿ ಕೂರುತ್ತದೆ. ಎರಡನೆಯದಕ್ಕೆ ಸಾಮಾನ್ಯ ಡಿಸ್ಕ್ ಜೋಡಿಸಿದರೆ ಕೆಲಸ ಮಾಡುವುದಿಲ್ಲ, ಡಿಸ್ಕ್ ಸುಟ್ಟುಹೋಗಲೂಬಹುದು. "ಸನ್ ಸ್ಕಸಿ ಕಾರ್ಡ್" ಎಂದಷ್ಟೇ ಬರೆದವರ ಹತ್ತಿರ ಸಂಖ್ಯೆ ಕೇಳಿ, ಹೇಳದಿದ್ದರೆ ಬಿಟ್ಟುಬಿಡಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಕೊನೆಗೆ ಬಂದ ಉತ್ತರ "ಹಳೇ ಸಾಮಾನು ಸಾರ್, ಇದ್ದಂಗೆ ತಗೊಳ್ಳೋದು." ಇದ್ದ ಹಾಗೆ ಎಂದು ಬರೆದು ಮಾರಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಎಲ್ಲ ಪರೀಕ್ಷಿಸಿದ್ದೇವೆ ಎಂದು ಬರೆದಿದ್ದರು. ಆಮೇಲೆ ಉತ್ತರವೇ ನಿಂತುಹೋಯಿತು.

ಕೊಳ್ಳುವವರು ಫೋಟೊ ಒಪ್ಪಬೇಡಿ, ಎಡಿಟ್ ಮಾಡದ ಒಂದೇ ವಿಡಿಯೊ ಕೇಳಿ. ಮೊದಲು ಗೋಡೆಯಿಂದ ವೈರ್ ಕಿತ್ತು ಅರ್ಧ ಗಂಟೆಯಾದರೂ ಬಿಡಬೇಕು, ಅಷ್ಟೂ ಹೊತ್ತು ವಿಡಿಯೊ ಓಡುತ್ತಿರಬೇಕು. ಆಮೇಲೆ ಪವರ್ ಕೊಟ್ಟು ಬ್ಯಾನರ್ ತೋರಿಸಬೇಕು. ಸ್ಟಾಪ್-ಎ ಒತ್ತಿ ಓಕೆ ಪ್ರಾಂಪ್ಟಿಗೆ ಬಂದು, ಆಟೋ-ಬೂಟ್ ಫಾಲ್ಸ್ ಮಾಡಿ, ರೀಸೆಟ್-ಆಲ್ ಕೊಟ್ಟ ನಂತರವೇ ಪ್ರೋಬ್-ಸ್ಕಸಿ-ಆಲ್ ಓಡಿಸಬೇಕು. ರೀಸೆಟ್ ಮಾಡದೆ ಓಡಿಸಿದರೆ ಯಂತ್ರ ಅಲ್ಲೇ ಸಿಕ್ಕಿಕೊಳ್ಳಬಹುದು, ಅದನ್ನೇ ನೆಪ ಮಾಡಿ ತೋರಿಸದೆ ತಪ್ಪಿಸಿಕೊಳ್ಳುತ್ತಾರೆ. ನಂತರ ಶೋ-ಡೆವ್ಸ್, ಪ್ರತಿ ಕಾರ್ಡಿನ ಡಾಟ್-ಪ್ರಾಪರ್ಟೀಸ್. ಕೊನೆಗೆ ಅದೇ ವಿಡಿಯೊದಲ್ಲಿ ಹಿಂಬದಿ, ಯಾವ ಕನೆಕ್ಟರಿಗೆ ಮಾನಿಟರ್ ಕೇಬಲ್ ಹೋಗಿದೆ ಎಂದು. ಪಿಜಿಎಕ್ಸ್64ನದು ಸಾಮಾನ್ಯ 15 ಪಿನ್ ವಿಜಿಎ. ಕೇಬಲ್ 13ಡಬ್ಲ್ಯು3ಗೆ (ಕ್ರಿಯೇಟರ್ ಥರದ ಸನ್ ಕಾರ್ಡುಗಳ ಮಾನಿಟರ್ ಕನೆಕ್ಟರ್) ಹೋಗಿದ್ದರೆ ಚಿತ್ರ ಬರುತ್ತಿರುವುದು ಬೇರೆ ಕಾರ್ಡಿನಿಂದ. ಸೋಲಾರಿಸ್ ಎದ್ದ ಮೇಲಿನ ಯಾವ ಚಿತ್ರವೂ ಕಾರ್ಡಿನ ಬಗ್ಗೆ ಸಾಕ್ಷಿಯಲ್ಲ. ಅದನ್ನು ಮತ್ತೆ ಹೇಳುತ್ತೇನೆ: ಓಕೆ ಪ್ರಾಂಪ್ಟ್ ತೋರಿಸದವರ ಹತ್ತಿರ ಕೊಳ್ಳಬೇಡಿ.

ಈಗಾಗಲೇ ಇಂಥ ಯಂತ್ರ ಕೈಗೆ ಬಂದು ಕೂತವರಿಗೆ: ಕೀಬೋರ್ಡ್ ತೆಗೆದು ಪವರ್ ಕೊಟ್ಟರೆ ಕನ್ಸೋಲ್ ತಾನಾಗಿಯೇ ಸೀರಿಯಲ್ ಎಗೆ ಹೋಗುತ್ತದೆ. ಅಲ್ಟ್ರಾ 60ರಲ್ಲಿ ಅದು 25 ಪಿನ್ನಿನದು, ನಲ್ ಮೋಡೆಮ್ ಕೇಬಲ್ ಬೇಕು, ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಐಡಿಪ್ರಾಮಿನ 16 ಬೈಟುಗಳಲ್ಲಿ ಮೊದಲನೆಯದು 1, ಎರಡನೆಯದು ಯಂತ್ರದ ಬಗೆ ಹೆಕ್ಸ್ 80, ಆಮೇಲೆ 6 ಬೈಟ್ ಈಥರ್‌ನೆಟ್ ವಿಳಾಸ, 4 ಬೈಟ್ ತಾರೀಖು (ಸೊನ್ನೆ ಸಾಕು), 3 ಬೈಟ್ ಹೋಸ್ಟ್ ಐಡಿಯ ಉಳಿದ ಭಾಗ, ಕೊನೆಯ ಬೈಟ್ ಮೊದಲ 15ನ್ನೂ ಎಕ್ಸಾರ್ ಮಾಡಿದ ಚೆಕ್‌ಸಮ್. ಈ ಚೆಕ್‌ಸಮ್ ತಪ್ಪಿದರೆ ಉಳಿದದ್ದೆಲ್ಲ ಸರಿ ಇದ್ದರೂ ಇನ್‌ವ್ಯಾಲಿಡ್ ಎಂದೇ ಬರುತ್ತದೆ. ಉದಾಹರಣೆಯ ವಿಳಾಸವನ್ನೇ ಎರಡು ಯಂತ್ರಕ್ಕೆ ತುಂಬಿ ಒಂದೇ ನೆಟ್‌ವರ್ಕಿಗೆ ಹಾಕಬೇಡಿ, ಎರಡೂ ಒದ್ದಾಡುತ್ತವೆ. ಪವರ್ ಕೊಟ್ಟಾಗ ಸುಮ್ಮನೆ ನೆಟ್‌ವರ್ಕ್ ಬೂಟ್‌ಗೆ ಹೋಗುತ್ತಿದ್ದರೆ ಡಯಾಗ್-ಸ್ವಿಚ್ ಫಾಲ್ಸ್ ಮಾಡಿ. ಪರದೆಗಾಗಿ ಯುಪಿಎ ಸ್ಲಾಟಿಗೆ ಕ್ರಿಯೇಟರ್ ಹುಡುಕುವುದು ಒಳ್ಳೆಯದು, ಯುಪಿಎ ಕಾರ್ಡಿನ ಹೆಸರಿನಲ್ಲಿ ಪಿಸಿ ಕಾರ್ಡ್ ಯಾರೂ ದಾಟಿಸಲಾರರು, ಅದು ಆ ಸ್ಲಾಟಿಗೆ ಕೂರುವುದೇ ಇಲ್ಲ. 13ಡಬ್ಲ್ಯು3 ಅಡಾಪ್ಟರ್ ಕೊಳ್ಳುವಾಗ ಸನ್‌ಗೆಂದೇ ಮಾಡಿದ್ದನ್ನು ಕೇಳಿ, ಎಸ್‌ಜಿಐ ಯಂತ್ರಗಳ ಅಡಾಪ್ಟರಿನ ಪಿನ್ ಜೋಡಣೆ ಬೇರೆ. ಅಡಾಪ್ಟರ್ ಸರಿ ಇದ್ದೂ ಎಲ್‌ಸಿಡಿ ಚಿತ್ರ ಹಿಡಿಯದಿದ್ದರೆ ಸೀರಿಯಲ್‌ನಿಂದಲೇ ಔಟ್‌ಪುಟ್-ಡಿವೈಸ್ ಅನ್ನು ಸ್ಕ್ರೀನ್:ಆರ್1024ಎಕ್ಸ್768ಎಕ್ಸ್60 ಎಂದು ಕೊಟ್ಟು ರೀಸೆಟ್ ಮಾಡಿ ನೋಡಿ.