ಪದ್ಮಿನಿಗೆ ಹೊಸ ಸ್ಪೀಕರ್: ಬಳ್ಳಾರಿ ಬಿಸಿಲಲ್ಲಿ ಕೆಲವು ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿರುವುದು 1976ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್, ಮುಂದೆ ಉದ್ದಕ್ಕೆ ಒಂದೇ ಸೀಟು. ಡ್ಯಾಶ್‌ಬೋರ್ಡಿನಲ್ಲಿ ಆಗಿನ ಕಾಲದ ಮೀಡಿಯಂ ವೇವ್ ರೇಡಿಯೋ, ಅದಕ್ಕೊಂದು ಪೇಪರ್ ಕೋನಿನ (ಅದುರಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ) ಸ್ಪೀಕರ್. 2019ರಲ್ಲಿ ಇದಕ್ಕೆ ಹೊಸ ಸ್ಪೀಕರ್ ಹಾಕಿಸಿದೆ. ನನ್ನ ಷರತ್ತು ಒಂದೇ: ತಗಡಿಗೆ ಒಂದು ತೂತೂ ಬೀಳಬಾರದು. ಎಲ್ಲ ಬಿಚ್ಚಿದ ದಿನ ಕಾರು ಮೊದಲು ಹೇಗಿತ್ತೋ ಹಾಗೇ ಇರಬೇಕು.

ಅಂಗಡಿಯಲ್ಲಿ ಮೊದಲು ಸಿಕ್ಕ ಸಲಹೆ, "ಸಾರ್, ಡೋರ್ ಕಟ್ ಮಾಡಿ ಹಾಕಿದ್ರೆ ಸೌಂಡೇ ಬೇರೆ." ಅವರು ಹೇಳಿದ್ದು ಸುಳ್ಳಲ್ಲ. ಬಾಗಿಲಿನ ಒಳಗಿನ ಟೊಳ್ಳು ಸ್ಪೀಕರಿಗೆ ಒಳ್ಳೆ ಡಬ್ಬಿ ಆಗುತ್ತದೆ. ಆದರೆ ಕತ್ತರಿಸಿದ ತಗಡಿನ ಅಂಚಿನಿಂದಲೇ ತುಕ್ಕು ಶುರುವಾಗುತ್ತದೆ, ಹಳೆ ಡೋರ್ ಪ್ಯಾಡ್ ಮತ್ತೆ ಸಿಗುವುದೂ ಕಷ್ಟ. ಇನ್ನೊಂದು ವಿಷಯ. 2021ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ ಅನ್ನುವುದು ಬೇರೆ ಮಾತು. ನಮ್ಮ ಕಾರು ಆ ವಯಸ್ಸಿಗೆ ಬರುವಾಗ ಬಾಡಿ ಬಗ್ಗೆ ಯಾರೂ ಬೆರಳು ತೋರಿಸಬಾರದು ಎಂಬುದು ನನ್ನ ಆಸೆ.

ಹಿಂದಿನ ಗಾಜಿನ ಕೆಳಗಿನ ಟ್ರೇ ಮೇಲೆ ಇಡಿ ಅಂದವರೂ ಇದ್ದರು. ಬೇರೆ ಊರಿನಲ್ಲಿ ಸರಿ ಇರಬಹುದು, ಬಳ್ಳಾರಿಯಲ್ಲಿ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ರಾಯಲ್ ಸರ್ಕಲ್ ಹತ್ತಿರ ಮಧ್ಯಾಹ್ನ ಕಾರು ನಿಲ್ಲಿಸಿ ಬಂದು ಆ ಟ್ರೇ ಮೇಲೆ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ಸ್ಪೀಕರಿನ ಕೋನ್ ಸುತ್ತ ಇರುವ ಫೋಮ್ ಅಂಚು ಅಂಥ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಅದಕ್ಕೇ ನಾನು ನೆರಳಿನ ಜಾಗ ಹುಡುಕಿದೆ. ಮುಂದೆ ಕೂತವರ ಕಾಲಿನ ಪಕ್ಕ, ಡ್ಯಾಶ್‌ಬೋರ್ಡಿನ ಕೆಳಗಿನ ಎರಡು ಮೂಲೆ. ಅಲ್ಲಿ ಬಿಸಿಲು ತಾಗುವುದೇ ಇಲ್ಲ.

ಕೌಲ್ ಬಜಾರಿನ ಬಡಗಿಯೊಬ್ಬರು ಆ ಮೂಲೆಗೆ ಹೊಂದುವ ಎರಡು ಚಿಕ್ಕ ಡಬ್ಬಿ ಮಾಡಿಕೊಟ್ಟರು. ಮೊದಲು ರಟ್ಟಿನಲ್ಲಿ ಅಳತೆ ತೆಗೆದು, ಆಮೇಲೆ ಪ್ಲೈವುಡ್. ಮೇಲೆ ಸೀಟಿನ ಬಣ್ಣದ್ದೇ ರೆಕ್ಸಿನ್. ಕಾರಿನಲ್ಲಿ ಮೊದಲೇ ಇದ್ದ ಸ್ಕ್ರೂಗಳಿಗೇ ಡಬ್ಬಿ ಕೂರುತ್ತದೆ. ಒಳಗೆ 4 ಇಂಚಿನ ಸ್ಪೀಕರ್, ಡಬ್ಬಿಯ ಸಂದುಗಳಿಗೆಲ್ಲ ಸಿಲಿಕೋನ್ ಅಂಟು. ಈ ಸಂದು ಮುಚ್ಚುವ ಕೆಲಸವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕೋನಿನ ಹಿಂದಿನ ಗಾಳಿ ಮುಂದೆ ಸೋರಿದರೆ ಕೆಳಸ್ವರ ಅಲ್ಲೇ ಸಾಯುತ್ತದೆ, ಎಷ್ಟು ದುಬಾರಿ ಸ್ಪೀಕರ್ ತಂದರೂ ಅಷ್ಟೇ.

ಸ್ಪೀಕರ್ ಕೊಳ್ಳುವಾಗ ಬಾಕ್ಸ್ ಮೇಲೆ ದೊಡ್ಡ ಅಕ್ಷರದಲ್ಲಿರುವ ವ್ಯಾಟ್ ನೋಡಬೇಡಿ. ಮೂಲೆಯಲ್ಲಿ ಸಣ್ಣದಾಗಿ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರಿಗೆ ಸ್ಪೀಕರ್ ಎಷ್ಟು ಜೋರಾಗಿ ಸದ್ದು ಮಾಡುತ್ತದೆ ಅಂತ ಡೆಸಿಬೆಲ್ ಲೆಕ್ಕ ಇರುತ್ತದೆ, ಅದನ್ನು ನೋಡಿ. 3 ಡೆಸಿಬೆಲ್ ಜಾಸ್ತಿ ಇದ್ದರೆ ಅಷ್ಟೇ ಸದ್ದಿಗೆ ಅರ್ಧ ಪವರ್ ಸಾಕು. ಪದ್ಮಿನಿಯಂಥ ಗಾಡಿಗೆ ಇದು ಬಹಳ ಮುಖ್ಯ. ನಮ್ಮದರಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಇನ್ನೂ ಹಳೆ ಕಾಲದ ಡೈನಮೋನೇ ಇದೆ. ಸ್ಲೋ ಸ್ಪೀಡಿನಲ್ಲಿ ಅದು ಚಾರ್ಜ್ ಮಾಡುವುದಿಲ್ಲ, ಕೆಂಪು ದೀಪ ಮಿಣುಕುತ್ತಿರುತ್ತದೆ. 45 ವ್ಯಾಟಿನ ಎರಡು ಹೆಡ್‌ಲೈಟ್ ಹಾಕಿದರೆ ಏಳು ಆಂಪಿಯರ್ ಮೇಲೆ ಅಲ್ಲಿಗೇ ಹೋಯಿತು. ಉಳಿದದ್ದರಲ್ಲಿ ಹಾಡು ಕೇಳಬೇಕು ಅಲ್ವಾ? ಅದಕ್ಕೆ ನಾನು ತೆಗೆದುಕೊಂಡದ್ದು 92 ಡೆಸಿಬೆಲ್, 4 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ), ರಬ್ಬರ್ ಅಂಚಿನ ಜೋಡಿ. ಜೊತೆಗೆ ಅಂಗೈ ಅಗಲದ ಒಂದು ಆಂಪ್ಲಿಫೈಯರ್, ಬ್ಲೂಟೂತ್ ಮತ್ತು ಎಫ್‌ಎಂ ಅದರಲ್ಲೇ ಇದೆ. ಅದು ಸೀಟಿನ ಕೆಳಗಿದೆ, ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ.

ಹಳೆಯ ರೇಡಿಯೋ, ಅದರ ಸ್ಪೀಕರ್ ಎರಡನ್ನೂ ಮುಟ್ಟಿಲ್ಲ. ಹೊಸದರ ವೈರಿಂಗ್ ಪೂರ್ತಿ ಬೇರೆ. ಬ್ಯಾಟರಿಯಿಂದ ನೇರ ವೈರು, ಬ್ಯಾಟರಿಯಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್, ಕಾರಿನ ಹಳೆ ವೈರು ಒಳಗೆ ಬರುವ ರಬ್ಬರ್ ಬುಷ್‌ನಲ್ಲೇ ಇದೂ ಒಳಗೆ. ನಮ್ಮ ಎಲೆಕ್ಟ್ರಿಷಿಯನ್ ಭಾಯ್ ಕೆಲಸ ಅಚ್ಚುಕಟ್ಟು. ಮೊದಮೊದಲು ಎಕ್ಸಲರೇಟರ್ ಕೊಟ್ಟಾಗೆಲ್ಲ ಕುಂಯ್ ಅಂತ ಸದ್ದು ಬರುತ್ತಿತ್ತು. ಭಾಯ್ ಅರ್ಥಿಂಗ್ ವೈರನ್ನು ಸೀಟಿನ ಬೋಲ್ಟಿನಿಂದ ತೆಗೆದು ಬ್ಯಾಟರಿಯ ಅರ್ಥ್ ಇರುವ ಜಾಗಕ್ಕೇ ಕೊಟ್ಟರು, ಅಲ್ಲಿಗೆ ನಿಂತಿತು.

ಅವರು ಮಾಡಿದ ಇನ್ನೊಂದು ಕೆಲಸ ಎಲ್ಲರೂ ಮಾಡಬಹುದು. ಸ್ಪೀಕರನ್ನು ಡಬ್ಬಿಗೆ ಕೂರಿಸುವ ಮೊದಲು ಗೋಡೆ ಗಡಿಯಾರದ ಸೆಲ್ಲನ್ನು ಅದರ ಎರಡು ತುದಿಗೆ ಕ್ಷಣ ಮುಟ್ಟಿಸಿದರು. ಪ್ಲಸ್‌ಗೆ ಪ್ಲಸ್ ಸರಿಯಾಗಿದ್ದರೆ ಕೋನ್ ಟಪ್ ಅಂತ ಹೊರಗೆ ಬರುತ್ತದೆ, ಉಲ್ಟಾ ಇದ್ದರೆ ಒಳಗೆ ಹೋಗುತ್ತದೆ. ಎರಡು ಸ್ಪೀಕರಿನಲ್ಲಿ ಒಂದು ಉಲ್ಟಾ ಆದರೆ ಒಂದರ ಕೆಳಸ್ವರವನ್ನು ಇನ್ನೊಂದು ನುಂಗಿಬಿಡುತ್ತದೆ.

ಇಷ್ಟು ವರ್ಷದಲ್ಲಿ ಏನು ಕೆಟ್ಟಿತು? ಮೊದಲ ಬೇಸಿಗೆಯಲ್ಲೇ ರೆಕ್ಸಿನ್ ಅಂಟು ಬಿಟ್ಟು ಅಂಚು ಸುರುಳಿ ಸುತ್ತಿತು. ಈಗ ಹಿಂದೆ ಮಡಚಿ ಪಿನ್ ಹೊಡೆಸಿದ್ದೇನೆ. ಬಿಸಿಲಲ್ಲಿ ನಿಂತ ಕಾರು ಹತ್ತಿದ ತಕ್ಷಣ ಬ್ಲೂಟೂತ್ ಒಮ್ಮೊಮ್ಮೆ ಕಡಿದುಹೋಗುತ್ತದೆ, ಕಿಟಕಿ ಇಳಿಸಿ ಸ್ವಲ್ಪ ದೂರ ಓಡಿಸಿದರೆ ಸರಿಯಾಗುತ್ತದೆ. ದೊಡ್ಡ ಕಾಟ ಧೂಳಿನದು. ತೋರಣಗಲ್ಲು, ಸಂಡೂರು ಕಡೆ ಅದಿರಿನ ಲಾರಿ ಹಿಂದೆ ಹೋದವರಿಗೆ ಆ ಕೆಂಪು ಧೂಳು ಗೊತ್ತು. ಅದು ಕೋನಿನ ನಡುವಿನ ಸಂದಿಗೆ ಇಳಿದರೆ ಹಾಡು ಗರಗರ ಅನ್ನುತ್ತದೆ. ಗ್ರಿಲ್ ಒಳಗೆ ತೆಳು ಬಟ್ಟೆ ಕಟ್ಟಿಸಿದ್ದರಿಂದ ನನ್ನ ಸ್ಪೀಕರ್ ಇನ್ನೂ ಚೆನ್ನಾಗಿವೆ. ಬಟ್ಟೆಯನ್ನು ಆಗಾಗ ತೆಗೆದು ಒಗೆಯುತ್ತೇನೆ, ನೀರು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಸದ್ದು ಹೇಗಿದೆ ಅಂದರೆ, ಮನುಷ್ಯರ ದನಿಗೆ ಬಹಳ ಚೆನ್ನ. ರಂಗಗೀತೆ ಹಾಕಿದರೆ ಹಾರ್ಮೋನಿಯಂ ಒಂದು ಕಡೆ, ಹಾಡುವವರ ಉಸಿರು ಎದುರಿಗೇ. ಹೊಸಪೇಟೆ ಆಕಾಶವಾಣಿಯ 100.5 ಎಫ್‌ಎಂ ದಾರಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಹೈವೇನಲ್ಲಿ ಎಂಜಿನ್ ಮತ್ತು ಗಾಳಿಯ ಸದ್ದಿನ ಮೇಲೂ ಮಾತು ಅರ್ಥವಾಗುತ್ತದೆ. ಆದರೆ ಎದೆಗೆ ಗುದ್ದುವ ಬಾಸ್ ಬರುವುದಿಲ್ಲ. 4 ಇಂಚಿನ ಸ್ಪೀಕರಿನಿಂದ, ಅಷ್ಟು ಚಿಕ್ಕ ಡಬ್ಬಿಯಿಂದ ಅದನ್ನು ನಿರೀಕ್ಷಿಸಲೂಬಾರದು. ಡೊಳ್ಳು, ನಗಾರಿ ಕೇಳುವವರಿಗೆ ಕಡಿಮೆ ಅನ್ನಿಸಬಹುದು. ಹಿಂದೆ ಕೂತವರಿಗೂ ಸದ್ದು ಸ್ವಲ್ಪ ಮಂದವೇ.

ನನಗೆ ಎಲ್ಲ ಸೇರಿ ಆರು ಸಾವಿರದ ಒಳಗೆ ಆಯಿತು, ಅದರಲ್ಲಿ ಜಾಸ್ತಿ ಹೋದದ್ದು ಸ್ಪೀಕರಿಗೆ. ಹಣ ಉಳಿಸಬೇಕಿದ್ದರೆ ಆಂಪ್ಲಿಫೈಯರಿನಲ್ಲಿ ಉಳಿಸಿ, ಬಡಗಿಯ ಕೂಲಿಯಲ್ಲಿ ಮಾತ್ರ ಚೌಕಾಸಿ ಬೇಡ. ಹಳೆಯ ರೇಡಿಯೋಗೇ ಹೊಸ ಸ್ಪೀಕರ್ ಜೋಡಿಸುವ ಯೋಚನೆ ಇದ್ದರೆ ಮೊದಲು ಅದರ ಸ್ಪೀಕರಿನ ಹಿಂದೆ ಎಷ್ಟು ಓಮ್ ಅಂತ ಬರೆದಿದೆ ನೋಡಿಕೊಳ್ಳಿ. 8 ಇದ್ದ ಕಡೆ 4 ಹಾಕಿದರೆ ರೇಡಿಯೋ ಒಳಗಿನ ಟ್ರಾನ್ಸಿಸ್ಟರ್ ಕಾದು ಸುಡುವ ಸಂಭವ ಇದೆ.